ಎಡಗಾಲಿನ ಜಿಗಿತ

ನಿಲಂಗಾದ ಆ ಚಿಕ್ಕ ದವಾಖಾನೆಯ ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ್ದರು. ಪಟ್ಟಿಯಿಂದ ಎದುರಿನ ಗೋಡೆಯ ಕಡೆಗೆ ಒಂದು ಅಳತೆಯ ಟೇಪು ಹಾಸಿತ್ತು. ರೇವಣಸಿದ್ಧ ಬಲಗಾಲು ಮಡಚಿಕೊಂಡು, ಎಡಗಾಲಿನ ಮೇಲೆ ಪಟ್ಟಿಯ ಹಿಂದೆ ನಿಂತ. ಮೂಲೆಯ ಬಾಕಿನ ಮೇಲೆ ಕುಳಿತಿದ್ದ ಸಂಜುಕುಮಾರನ ಬೆರಳುಗಳು ಜೇಬಿನೊಳಗೆ ಗಾಲಿಯ ವಾಲ್ವಿನ ಪುಟ್ಟ ಮುಚ್ಚಳವೊಂದನ್ನು ತಿರುವುತ್ತಲೇ ಇದ್ದವು. ಉಮರ್ಗಾದ ಹೆದ್ದಾರಿಯ ಮೇಲೆ ಪಂಕ್ಚರ್ ತಿದ್ದುವವನ ಜೇಬಿನಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ.

"ಮೊದಲ, ಚಲೋ ಇದ್ದ ಕಾಲು," ಎಂದರು ವ್ಯಾಯಾಮ ಮಾಡಿಸುವ ಸ್ನೇಹಲ ಮೇಡಂ. "ಒಂದೇ ಕಾಲಾಗ ಜಿಗೀಬೇಕು, ಅದೇ ಕಾಲ ಮ್ಯಾಲ ನಿಂದ್ರಬೇಕು. ಆಮ್ಯಾಲ ಆಪರೇಶನ್ ಆದ ಕಾಲು. ಎಡಗಾಲು ನೂರು ಜಿಗಿದ್ರ ಬಲಗಾಲು ತೊಂಬತ್ತರೆ ಜಿಗೀಬೇಕು. ಆವಾಗ ಬಾಲ್. ಅಲ್ಲೀತನಕ ಇಲ್ಲ."

ರೇವಣ ಜಿಗಿದ. ಪಾದ ಬಿದ್ದಲ್ಲಿ ಮೇಡಂ ಸೀಮೆಸುಣ್ಣದಿಂದ ಗೆರೆ ಎಳೆದರು. ಜೇಬಿನೊಳಗೆ ಸಂಜುವಿನ ಬೆರಳು ನಿಂತುಬಿಟ್ಟಿತು.

ಇಷ್ಟೇನಾ?

ಉಮರ್ಗಾದಲ್ಲಿ ಅಡತಿ ಬಜಾರದ ಹಿಂದೆ ಒಂದು ನಾಲಾ ಹರಿಯುತ್ತದೆ. ಶಾಲೆಯ ದಿನಗಳಲ್ಲಿ ಉಳಿದ ಹುಡುಗರು ಕಲ್ಲಿನ ಮೇಲೆ ಕಾಲಿಟ್ಟು ದಾಟಿದರೆ, ರೇವಣ ಬೆನ್ನ ಮೇಲಿನ ಪುಸ್ತಕದ ದಫ್ತರದ ಸಮೇತ ಎಡಗಾಲಿನಿಂದ ಹಾರಿ, ಎಡಗಾಲಿನ ಮೇಲೆಯೇ ಇಳಿದು, ಆಚೆ ದಂಡೆಯಲ್ಲಿ ಕೊಕ್ಕರೆಯ ಹಾಗೆ ನಿಂತು ನಗುತ್ತಿದ್ದ. ಅವನಂತೆ ಹಾರಲು ಹೋಗಿ ಸಂಜು ಕೆಸರಿನಲ್ಲಿ ಬಿದ್ದದ್ದಿದೆ. ಈಗಿನ ಜಿಗಿತ ಆ ನಾಲೆಯ ನಡುವಿನ ತನಕವೂ ಹೋಗುವಂಥದ್ದಲ್ಲ.

ರೇವಣ ಕಾಲು ಬದಲಿಸಿದ. ಈ ಸಲ ಕೈಗಳೆರಡನ್ನೂ ಹಿಂದಕ್ಕೆ ಒಯ್ದ, ಉಸಿರು ಕಟ್ಟಿದ, ದವಡೆ ಬಿಗಿದ. ಬಲಗಾಲು ಗೆರೆಯ ಹತ್ತಿರವೇ ಬಂದು ಬಿತ್ತು. ಮೊಣಕಾಲು ಒಂದೆಳೆಯಷ್ಟು ಒಳಕ್ಕೆ ವಾಲಿತು, ಆದರೂ ನಿಂತ. ಹಣೆಯ ಮೇಲೆ ಬೆವರು ಹನಿಯಾಗಿತ್ತು. ಎಡಗಾಲಿನಲ್ಲಿ ಜಿಗಿದಾಗ ಅವನಿಗೆ ಬೆವರು ಬಂದಿರಲಿಲ್ಲ.

ಮೇಡಂ ಅಳೆದು ನಕ್ಕರು. "ತೊಂಬತ್ತರ ಮ್ಯಾಲೇ ಆತು!" ಆಮೇಲೆ ಮೊದಲ ಗೆರೆಯನ್ನು ಇನ್ನೊಮ್ಮೆ ನೋಡಿದರು. "ಖರೇ ಅಂದ್ರ ಎಡಗಾಲೇ ಕಮ್ಮಿ ಆತು ಅನಸ್ತದ. ಇಷ್ಟು ಎತ್ತರ ಹುಡುಗ ನೀನು."

"ಗಾಡಿ ಮ್ಯಾಲ ಬಂದು ಸೊಂಟ ಹಿಡದದ್ರಿ ಮೇಡಂ."

ಅವರು ಸಂಜುವಿನ ಕಡೆ ತಿರುಗಿದರು. "ನೀವು ಸಣ್ಣಂದಿರತ ನೋಡೀರಲ್ಲ. ಅಂವಾ ಮೊದಲಿಂದ ಇಷ್ಟೇ ಜಿಗೀತಿದ್ದನ?"

ರೇವಣ ಸಂಜುವನ್ನು ನೋಡಲಿಲ್ಲ. ಬಗ್ಗಿ, ಕಟ್ಟಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

"ಹೂಂ ರೀ," ಎಂದ ಸಂಜು.

"ಹಂಗಾದ್ರ ಆತು. ನಿಮ್ಮ ಕೋಚ್ ಸರ್‌ಗೆ ನಾ ಫೋನ್ ಮಾಡ್ತೀನಿ."

ಆ ಮೊಣಕಾಲು ಹೋದದ್ದು ಹೋದ ಚಳಿಗಾಲದಲ್ಲಿ, ತಮ್ಮ ತಮ್ಮೊಳಗಿನ ಫುಟ್‌ಬಾಲ್ ಆಟದಲ್ಲಿ. ರೇವಣ ಚೆಂಡು ಹಿಡಿದು ತಿರುಗಿದ್ದ, ಸಂಜು ಜಾರಿ ಬಂದು ಕಾಲು ಹಾಕಿದ್ದ, ಒಂದು ಕ್ಷಣ ತಡವಾಗಿ. ಚೆಂಡು ಹೋಗಿಬಿಟ್ಟಿತ್ತು, ಕಾಲು ಅಲ್ಲೇ ಇತ್ತು. ಹಸಿ ಕಬ್ಬು ಮುರಿದಂಥ ಸದ್ದು. ಸೋಲಾಪುರದಲ್ಲಿ ಆಪರೇಶನ್ ಮಾಡಿದ ಡಾಕ್ಟರರು, ಒಳಗೆ ಕೂರಿಸಿದ ಹೊಸ ನಾರು ಎಲುಬಿನಲ್ಲಿ ಬೇರು ಬಿಡಬೇಕು, ನೋವು ಹೋಯಿತೆಂದರೆ ವಾಸಿಯಾಯಿತೆಂದಲ್ಲ, ಒಂಬತ್ತು ತಿಂಗಳು ಮೈದಾನದ ಕಡೆ ಹೋಗಬೇಡ ಎಂದಿದ್ದರು. ಈಗ ನಡೆಯುತ್ತಿದ್ದದ್ದು ಏಳನೆಯದು. ಆಗಸ್ಟಿನಲ್ಲಿ ಉದಗೀರದಲ್ಲಿ ಇಪ್ಪತ್ತೊಂದರ ಒಳಗಿನವರ ಟೂರ್ನಮೆಂಟ್. ಬರುವ ವರ್ಷ ಇಬ್ಬರಿಗೂ ವಯಸ್ಸು ದಾಟುತ್ತದೆ.

ಪ್ರತಿ ಮಂಗಳವಾರ ಅಂಗಡಿಗೆ ರಜೆ ಹಾಕಿ, ತನ್ನ ಹಳೆಯ ಗಾಡಿಯ ಮೇಲೆ ರೇವಣನನ್ನು ನಿಲಂಗಾಕ್ಕೆ ಕರೆತರುವವನು ಸಂಜುವೇ. ಯಾರೂ ಹೇಳಿರಲಿಲ್ಲ. ಬೇಡವೆಂದೂ ಯಾರೂ ಅಂದಿರಲಿಲ್ಲ.

ವಾಪಸು ಬರುವಾಗ ಕಾಸಾರ ಸಿರಸಿಯಲ್ಲಿ ಚಹಾಕ್ಕೆ ನಿಂತರು. ಜಡಿಮಳೆ ಹಿಡಿದಿತ್ತು. ಹೋಟೆಲಿನ ತಗಡಿನ ಕೆಳಗೆ ರೇವಣ ಒಂದು ಕಡೆ ನಿಲ್ಲಲಾರ. ಗ್ಲಾಸು ಹಿಡಿದೇ ಅತ್ತ ಹೋಗುತ್ತಿದ್ದ, ಇತ್ತ ಬರುತ್ತಿದ್ದ.

"ಇವತ್ತ ಚಾ ನಂದು," ಎಂದ. "ನಿನ್ನ ಮಂಗಳವಾರದ ಶನಿ ಬಿಡ್ತು ನೋಡು."

"ನೀ ಏನ್ಲೇ, ಹಿಂದ ಕುಂತು ನಿದ್ದಿ ಹೊಡೀತಿದ್ದಿ. ರಸ್ತಾದ ತಗ್ಗಿಗೆ ಎಲುಬು ಸವದಿದ್ದು ನಂದು."

"ಆತು, ಉದಗೀರದಾಗ ಗೋಲ್ ಹೊಡದ್ರ ಅದರಾಗ ಅರ್ಧಾ ನಿಂದು."

ಕಾಲು ಮತ್ತೆ ಹೋದರೆ ಅದರಲ್ಲಿ ಅರ್ಧ ಯಾರದು? ಮಾತು ಸಂಜುವಿನ ಬಾಯಿಯ ತನಕ ಬಂತು. ಚಹಾದ ಜೊತೆ ನುಂಗಿದ. ದಾರಿಯುದ್ದಕ್ಕೂ ಹಿಂದಿನಿಂದ ರೇವಣನ ಸಿಳ್ಳೆ ಕೇಳುತ್ತಿತ್ತು. ಸಂಜುವಿಗೆ ಮಾತ್ರ ತನ್ನದೇ 'ಹೂಂ ರೀ' ಕೇಳಿಸುತ್ತಿತ್ತು. ಗೆಳೆಯನಿಗಾಗಿ ಅಂದೆ ಎಂದು ಹೇಳಿಕೊಂಡು ನೋಡಿದ. ಮನಸ್ಸು ಒಪ್ಪಲಿಲ್ಲ. ರೇವಣ ಓಡತೊಡಗಿದರೆ ತನ್ನ ಮೇಲಿನ ಭಾರ ಇಳಿಯುತ್ತದೆ, ಅದಕ್ಕೇ ಅಂದದ್ದು.

ಆ ಭಾರ ಅಂದರೆ ಮುಖ್ಯವಾಗಿ ರೇವಣನ ತಾಯಿ ಶಕುಂತಲಾಬಾಯಿ. ಅವರದು ಬಜಾರದಲ್ಲಿ ಕಿರಾಣಿ ಅಂಗಡಿ, ಹಿಂದೆಯೇ ಮನೆ. ಕಾಲು ಮುರಿದ ದಿನದಿಂದ ಆಕೆ ಸಂಜುವಿಗೆ ಒಂದು ಮಾತೂ ಬೈದಿರಲಿಲ್ಲ. ಮೊದಲೆಲ್ಲ ಅಡುಗೆಮನೆಯ ತನಕ ನುಗ್ಗುತ್ತಿದ್ದವನಿಗೆ ಈಗ ಚಹಾದ ಕಪ್ಪು ಹೊರಗಿನ ಕಟ್ಟೆಗೇ ಬರುತ್ತಿತ್ತು. ತಂದಿಟ್ಟು, ಸೆರಗು ಸರಿಮಾಡಿಕೊಂಡು, ಒಳಗೆ ಹೋಗಿಬಿಡುತ್ತಿದ್ದರು. ಬೈದಿದ್ದರೆ ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಆ ಮೌನದ ಮುಂದೆ ತಲೆಯನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಅಂದು ಆಕೆ ಬಾಗಿಲಿಗೇ ಬಂದರು. "ಹೊರಗ್ಯಾಕ ನಿಂತಿ ಸಂಜು? ಒಳಗ ಬಾ."

ಬಿಸಿ ಶಿರಾ ಬಡಿಸಿದರು. "ಡಾಕ್ಟರ್ ಇವತ್ತ ಹೇಳ್ಯಾರ, ನಾ ಹೋದ ಸೋಮವಾರೇ ಹೇಳೀನಿ. ಇಷ್ಟು ತಿಂಗಳು ಖುರ್ಚಿ ಮ್ಯಾಲ ಕುಂತು ಲಿಂಗಪೂಜಾ ಮಾಡ್ತಿದ್ದ, ನನಗ ನೋಡ್ಲಿಕ್ಕೇ ಆಗ್ತಿರಲಿಲ್ಲ. ಸೋಮವಾರ ಚಕ್ಕಳಮಕ್ಕಳ ಹಾಕಿ ನೆಲದ ಮ್ಯಾಲ ಕುಂತ. ಪೂಜಾ ಮುಗಿಯೂತನಕ ಅಲುಗಾಡಲಿಲ್ಲ. ಆವಾಗೇ ಅಂದಿನಿ, ಕಾಲು ಬಂತು ಅಂತ. ಇನ್ನಾ ಜರಾ ಹಾಕ್ಲಿ?"

"ಸಾಕ್ರಿ ಕಾಕು."

"ಏನ್ ಸಾಕು! ಆರು ತಿಂಗಳಿಂದ ಈ ಮನ್ಯಾಗ ನೀ ಏನ್ ತಿಂದೀದಿ?"

ಕೂರುವ ಮೊಣಕಾಲು ಬೇರೆ, ತಿರುಗುವ ಮೊಣಕಾಲು ಬೇರೆ ಎಂದು ಅವರಿಗೆ ಹೇಳಬಹುದಿತ್ತು. ಸಂಜು ತಟ್ಟೆ ಖಾಲಿ ಮಾಡಿದ.

ಮರುದಿನ ಸಂಜೆ ಮಳೆ ಬಿಟ್ಟಿತ್ತು, ಮೈದಾನ ಒಣಗಿರಲಿಲ್ಲ. ಉಮರ್ಗಾದ ಎರೆಮಣ್ಣು ಹಸಿಯಾದರೆ ಬೂಟನ್ನು ಹಿಡಿದರೆ ಬಿಡುವುದಿಲ್ಲ. ಮೈ ತಿರುಗಿದರೂ ಪಾದ ತಿರುಗಗೊಡುವುದಿಲ್ಲ. ಹುಡುಗರು ರೇವಣನನ್ನು ಮುತ್ತಿಕೊಂಡು ಬೆನ್ನಿಗೆ ಗುದ್ದಿದರು. ಕೋಚ್ ಭೀಮಾಶಂಕರ ಸರ್ ಸೀಟಿ ಊದಿ ಎರಡು ತಂಡ ಮಾಡಿದರು. ಪರದೇಶದ ಯಾವನೋ ಆಟಗಾರ ಆರೇ ತಿಂಗಳಿಗೆ ಮೈದಾನಕ್ಕಿಳಿದ ವಿಡಿಯೊ ಅವರ ಫೋನಿನಲ್ಲಿ ಎಲ್ಲರೂ ನೋಡಿ ಆಗಿತ್ತು.

"ಸಂಜ್ಯಾ, ನೀ ರೇವ್ಯಾನ ಮ್ಯಾಲ ಕಣ್ಣಿಡು. ನೋಡಿ ಆಡೋ ಮಾರಾಯಾ, ಮತ್ತ ಮುರದು ನನ್ನ ಕೈಯಾಗ ಕೊಡಬ್ಯಾಡ!"

ಎಲ್ಲರೂ ನಕ್ಕರು. ಸಂಜುವೂ ನಕ್ಕ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಚೆಂಡು ರೇವಣನ ಕಾಲಿಗೆ ಬಂತು. ಎದುರಿಗೆ ಸಂಜು ಒಬ್ಬನೇ. ರೇವಣ ಬಲಕ್ಕೆ ಹೋದಂತೆ ಮಾಡಿ ಬಲಗಾಲೂರಿ ತಿರುಗಿದ. ಚೆಂಡನ್ನು ನೋಡಬೇಕಾದ ಸಂಜು ಮೊಣಕಾಲು ನೋಡುತ್ತಿದ್ದ. ಬೂಟು ಎರೆಯಲ್ಲಿ ಹುಗಿಯಿತು. ಮೊಣಕಾಲು ಒಂದೆಳೆ ಒಳಕ್ಕೆ ವಾಲಿತು, ದವಾಖಾನೆಯ ಟೇಪಿನ ಪಕ್ಕ ವಾಲಿದ ಹಾಗೆಯೇ. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಚೆಂಡು ಸಂಜುವಿನದು. ಅವನು ಹಿಂದಕ್ಕೆ ಸರಿದ.

ಗೋಲ್. ಹುಡುಗರು ಕೂಗಿದರು. ರೇವಣ ಕೂಗಲಿಲ್ಲ. ನೆಟ್ಟಗೆ ಬಂದು ಸಂಜುವಿನ ಅಂಗಿ ಹಿಡಿದ.

"ಯಾಕ ಹಿಂದ ಸರದಿ?"

"ನೀ ಚಲೋ ಹೊಡದಿ."

"ಸುಳ್ಳ ಬೊಗಳಬ್ಯಾಡ. ಬಾಲ್ ನಿನ್ನ ಕಾಲ ಮುಂದಿತ್ತು. ನಾ ಏನ್ ಹಾಲು ಕುಡಿಯೋ ಕೂಸೇನು? ಉದಗೀರದವರೂ ಹಿಂಗೇ ದಾರಿ ಬಿಡ್ತಾರೇನು?"

"ನೀ ಯಾಕ ಕಮ್ಮಿ ಜಿಗಿದಿ?"

ಅಂಗಿ ಹಿಡಿದಿದ್ದ ಕೈ ಬಿಡಲಿಲ್ಲ, ಬಿಗಿಯೂ ಉಳಿಯಲಿಲ್ಲ. ಎಲ್ಲೋ ದೂರ ಹೆದ್ದಾರಿಯಲ್ಲಿ ಒಂದು ಟ್ರಕ್ಕು ಹಾರ್ನ್ ಹಾಕುತ್ತಲೇ ಹೋಯಿತು.

"ನೀ ನೋಡಿದ್ಯೇನು?" ಎಂದ ರೇವಣ ಮೆಲ್ಲಗೆ.

"ನಾಲಾ ಹಾರತಿದ್ದ ಕಾಲು ಅದು. ನನಗ ಗೊತ್ತಾಗಲ್ಲೇನು?"

"ಮತ್ತ ಮೇಡಂಗ ಹೂಂ ಅಂದಿ."

"ಅಂದಿನಿ. ನನಗೂ ಸಾಕಾಗಿತ್ತು."

"ಏನ್ ಸಾಕಾಗಿತ್ತು ನಿನಗ?"

"ನಿಮ್ಮವ್ವ ಕಟ್ಟಿ ಮ್ಯಾಲ ಚಾ ಇಟ್ಟು ಹೋಗೋದು."

ರೇವಣ ಅಂಗಿ ಬಿಟ್ಟ. ಅತ್ತಲಿಂದ ಸರ್ ಕೂಗಿದರು. "ಏನ್ ಗಂಡಾ ಹೆಂಡ್ತಿ ಜಗಳ ಹಚ್ಚೀರಿ ಅಲ್ಲಿ? ಆಡ್ರಿ!"

"ಬರೋ ವರ್ಷ ನಮಗ ವಯಸ್ಸು ದಾಟ್ತದ," ಎಂದ ರೇವಣ.

"ದಾಟ್ತದ."

"ಹಂಗಾದ್ರ ಉದಗೀರ ಇಲ್ಲ."

'ಇದೆ' ಅನ್ನುವ ಸಂಜುವಿನ ಒಂದು ಮಾತು ಸಾಕಾಗಿತ್ತು. ರೇವಣ ಅದನ್ನೇ ಕಾಯುತ್ತ ನಿಂತಿದ್ದ. ಸಂಜು ಕಾಲಿನ ಕೆಳಗಿನ ಮಣ್ಣನ್ನು ಬೂಟಿನ ತುದಿಯಿಂದ ಕೆದರುತ್ತ ಸುಮ್ಮನಿದ್ದ. ನಿನ್ನೆ ಮಾತಾಡಿ ಕೆಡಿಸಿದ್ದನ್ನು ಇವತ್ತು ಮಾತಾಡದೆ ಆದಷ್ಟು ಸರಿಪಡಿಸುತ್ತಿದ್ದ.

ರೇವಣ ಮೈದಾನದ ಗೆರೆಯ ಆಚೆ ಹೋಗಿ ಕುಳಿತ. ಬೂಟು ಬಿಚ್ಚಿದ. ಅಡಿಗೆ ಮೆತ್ತಿದ ಎರೆಯನ್ನು ಬೆರಳಿನಿಂದ ಕೆರೆದು ತೆಗೆಯತೊಡಗಿದ. ಸರ್ ಓಡಿ ಬಂದರು.

"ಏನಾತೋ? ನೋಯ್ತೇನು?"

"ಇಲ್ರಿ ಸರ್. ಕಾಲು ಇನ್ನಾ ತಯಾರಾಗಿಲ್ಲ."

"ಆಗ್ಯಾದ ಅಂತ ನಿಮ್ಮ ಮೇಡಂ ಫೋನ್ ಮಾಡ್ಯಾರಲ್ಲೋ!"

"ಅವರಿಗಿ ನಾ ಪೂರಾ ಜಿಗಿದು ತೋರಿಸಿಲ್ರಿ."

ಸರ್ ಇಬ್ಬರ ಮುಖವನ್ನೂ ನೋಡಿದರು. ಫೋನು ತೆಗೆದರು, ಮತ್ತೆ ಜೇಬಿನಲ್ಲಿಟ್ಟರು. ಆಮೇಲೆ ಸೀಟಿ ಊದುತ್ತ ಆಟದ ಕಡೆ ಹೋದರು. ಆ ಸೀಟಿ ಯಾರಿಗಾಗಿ ಎಂದು ಹುಡುಗರಿಗೆ ತಿಳಿಯಲಿಲ್ಲ.

ಮುಂದಿನ ಮಂಗಳವಾರ ಸಂಜು ಗಾಡಿ ತಂದು ಕಟ್ಟೆಯ ಹತ್ತಿರ ನಿಲ್ಲಿಸಿದ. ಹಾರ್ನ್ ಹಾಕಲು ಧೈರ್ಯ ಸಾಲಲಿಲ್ಲ. ಶಕುಂತಲಾಬಾಯಿ ಹೊರಗೆ ಬಂದರು. ಕೈಯಲ್ಲಿ ಕಪ್ಪಿರಲಿಲ್ಲ.

"ಬಾಡ್ಯಾ," ಎಂದರು. "ಮುರದಾಂವನೂ ನೀನೇ, ಈಗ ಆಡಬ್ಯಾಡ ಅನ್ನಾಂವನೂ ನೀನೇ. ನನ್ನ ಮಗ ಊಟ ಬಿಟ್ಟು ಗ್ವಾಡಿ ನೋಡಕೋತ ಮಲಗ್ಯಾನ. ನಿನ್ನ ಕಾಲಿಗೇನು ಕಣ್ಣಿರಲಿಲ್ಲೇನೋ ಅವತ್ತು? ಆಂ? ಕಣ್ಣಿರಲಿಲ್ಲ?"

ಬಜಾರದ ಜನ ತಿರುಗಿ ನೋಡಿದರು. ಪಕ್ಕದ ಅಂಗಡಿಯ ಪ್ರಯಾಗಬಾಯಿ ತಕ್ಕಡಿ ಹಿಡಿದವರು ಹಾಗೆಯೇ ನಿಂತರು. ತಿಂಗಳುಗಟ್ಟಲೆ ಬರದಿದ್ದ ಮಾತು ಒಂದೇ ಉಸಿರಿಗೆ ಬರುತ್ತಿತ್ತು. ಸಂಜು ತಲೆ ತಗ್ಗಿಸಿ ಕೇಳಿದ. ಒಂದೂ ಬಿಡದೆ ಕೇಳಿದ. ಬೈಗುಳ ಮುಗಿದಾಗ ಆಕೆ ಕಣ್ಣೊರೆಸಿಕೊಂಡರು. "ಚಾ ಒಲಿ ಮ್ಯಾಲ ಅದ. ಒಳಗ ಬಂದು ಕುಡಿ. ಖಾಲಿ ಹೊಟ್ಟಿಲೆ ಗಾಡಿ ಹೊಡೀಬ್ಯಾಡ," ಎಂದು ಒಳಗೆ ಹೋದರು.

ಚೀಲ ಹೆಗಲಿಗೆ ಹಾಕಿಕೊಂಡು ರೇವಣ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ.

ಇಬ್ಬರೂ ನಿಲಂಗಾಕ್ಕೆ ಹೊರಟರು. ದವಾಖಾನೆಯ ನೆಲದ ಮೇಲೆ ಅದೇ ಹಳದಿ ಪಟ್ಟಿ. ಕೋಚ್ ಫೋನಿನಲ್ಲಿ ಎಲ್ಲ ಹೇಳಿದ್ದರೋ ಏನೋ, ಸ್ನೇಹಲ ಮೇಡಂ ಏನೂ ಕೇಳಲಿಲ್ಲ. ಟೇಪನ್ನು ಹಾಸುತ್ತ ಬಂದರು.

"ಇನ್ನಾ ಉದ್ದ ಹಾಸ್ರಿ ಮೇಡಂ," ಎಂದ ರೇವಣ.

ಎಡಗಾಲಿನ ಮೇಲೆ ನಿಂತ. ಸಂಜು ಬಾಕಿನಿಂದ ಎದ್ದುಬಿಟ್ಟಿದ್ದ. ರೇವಣ ಹಾರಿದ. ಹೋದ ವಾರದ ಗೆರೆಯ ಮಸಕು ಗುರುತು ಎಲ್ಲೋ ಹಿಂದೆ ಉಳಿಯಿತು. ಟೇಪು ಮುಗಿಯುವಲ್ಲಿ, ಇನ್ನೇನು ಗೋಡೆಗೆ ಬಡಿಯುವಷ್ಟು ಹತ್ತಿರ, ಪಾದ ಬಿತ್ತು. ಅಲುಗಾಡಲಿಲ್ಲ. ಕೊಕ್ಕರೆಯ ಹಾಗೆ ನಿಂತೇ ಇದ್ದ. ಗೆರೆ ಎಳೆಯಲು ಬಗ್ಗಿದ ಮೇಡಂ ಅಲ್ಲಿಂದಲೇ ತಲೆಯೆತ್ತಿ ಸಂಜುವನ್ನು ನೋಡಿದರು. ಅವನು ಈ ಸಲ ಕಣ್ಣು ತಪ್ಪಿಸಲಿಲ್ಲ.

ಆಮೇಲೆ ಬಲಗಾಲು. ಅದು ಎಷ್ಟು ಹೋಗಬಲ್ಲದೋ ಅಷ್ಟೇ ಹೋಯಿತು. ಎರಡು ಗೆರೆಗಳ ನಡುವೆ ಒಬ್ಬ ಮನುಷ್ಯ ಕೂರುವಷ್ಟು ನೆಲ ಖಾಲಿ ಬಿದ್ದಿತ್ತು. ಅಳೆಯಲು ಯಾರೂ ಹೋಗಲಿಲ್ಲ.

ರೇವಣ ಆ ಖಾಲಿ ನೆಲವನ್ನು ನೋಡುತ್ತಿದ್ದ. "ಮುಂದಿನ ಮಂಗಳವಾರ?" ಎಂದ, ಯಾರನ್ನೂ ನೋಡದೆ.

"ಮಂಗಳವಾರ," ಎಂದ ಸಂಜು. ಜೇಬಿನಲ್ಲಿ ಗಾಡಿಯ ಕೀಲಿ ಹುಡುಕುತ್ತಿದ್ದ ಅವನ ಬೆರಳುಗಳಿಗೆ ಆ ಪುಟ್ಟ ಮುಚ್ಚಳವೇ ಮತ್ತೆ ಮತ್ತೆ ಸಿಗುತ್ತಿತ್ತು.