ಮಾವ ಮೆತ್ತಗೆ ಮಾಡಿದ ಡಯಾಪರ್

ಅತ್ತೆ ಒಂದು ತುದಿ, ಸೊಸೆ ಇನ್ನೊಂದು ತುದಿ ಹಿಡಿದು ಚಾದರ ಹಿಂಡುತ್ತಿದ್ದರು. ತೊಟ್ಟಿಲ ಬಟ್ಟೆ ಆಗಲೇ ತಂತಿಯ ಮೇಲಿತ್ತು. ಇಷ್ಟಕ್ಕೆಲ್ಲ ಕಾರಣನಾದ ಕೂಸು ಬಾಗಿಲ ಬಳಿ ಚಾಪೆಯ ಮೇಲೆ ಮಲಗಿ ಕಾಲಿನ ಹೆಬ್ಬೆರಳನ್ನು ಬಾಯಿಗೆ ಎಳೆದುಕೊಳ್ಳುತ್ತಿತ್ತು. ಅಜ್ಜಿ ಅವನನ್ನು ಕರೆಯುವುದೇ ‘ಸಾಹೇಬರು’ ಎಂದು.

ಸೊಸೆಗೆ ಒಂದೇ ಚಿಂತೆ. ಸೋಮವಾರದಿಂದ ಅವಳು ಮತ್ತೆ ಅಂಗಿಯ ಗುಂಡಿ ಮಾಡುವ ಕಾರ್ಖಾನೆಯ ಕೆಲಸಕ್ಕೆ ಹೋಗಬೇಕು. ಮನೆಯ ಮುಂಭಾಗವೇ ಮಾವನ ಲಾಂಡ್ರಿ. ಕಾದ ಇಸ್ತ್ರಿಪೆಟ್ಟಿಗೆಗಳ ನಡುವೆ ತೆವಳುವ ಕೂಸನ್ನು ಬಿಡುವ ಹಾಗಿಲ್ಲ. ಕಾರ್ಖಾನೆಯಲ್ಲಿ ಮಕ್ಕಳ ಕೋಣೆಯೇನೋ ಇದೆ. ಆದರೆ ಅಲ್ಲಿನ ಆಯಾ ಮೊದಲೇ ಹೇಳಿದ್ದಳು: “ಸೋರೋ ಮಗುನ ನನ್ನ ಹತ್ರ ಬಿಡಬೇಡಮ್ಮ. ಒಬ್ಬ ಹಾಸು ನೆನೆಸಿದ್ರೆ ಎಲ್ಲರೂ ಎದ್ದು ಅಳ್ತಾರೆ.” ಮಗುವಿಗೆ ಜಾಗ ಸಿಗದಿದ್ದರೆ ಅವಳ ಕೆಲಸಕ್ಕೂ ಕಲ್ಲು ಬಿದ್ದಂತೆ.

“ರಿಯಾಯಿತಿ ಅಂತ ಬೋರ್ಡ್ ಕಂಡ್ರೆ ಈ ನನ್ನ ಮಗನಿಗೆ ಬೇರೇನೂ ಕಾಣಲ್ಲ,” ಅತ್ತೆ ಚಾದರ ಕೊಡವುತ್ತ ಎಂದಳು. “ಎರಡೂ ಎಡಗಾಲಿನ ಚಪ್ಪಲಿ ಕೊಟ್ರೂ ತರ್ತಾನೆ.”

“ಒಂದ್ಸಲ ತಂದಿದ್ದೆ. ಅದನ್ನ ಇನ್ನೂ ಎಷ್ಟು ವರ್ಷ ಹೇಳ್ತೀಯಮ್ಮ?” ಎಂದ ಮಗ. ಸೋರುವ ಈ ಬಟ್ಟೆ ಡಯಾಪರ್‌ಗಳನ್ನು ಅರ್ಧ ಬೆಲೆಗೆ ಮೂಟೆಗಟ್ಟಲೆ ತಂದವನು ಅವನೇ.

“ನನ್ನ ಕೈಲಾದ್ದೆಲ್ಲ ಮಾಡಿದ್ದೀನಪ್ಪ,” ಎಂದರು ಮಾವ. “ಮೊಮ್ಮಗನ ಮೈಗೆ ಒರಟಾಗಬಾರದು ಅಂತ ಒಗೆದಾಗೆಲ್ಲ ಬಟ್ಟೆ ಮೆತ್ತಗೆ ಮಾಡೋ ಲಿಕ್ವಿಡ್‌ನಲ್ಲಿ ಅದ್ದಿ, ಇಸ್ತ್ರಿ ಮಾಡಿ ಕೊಡ್ತಿದ್ದೀನಿ. ಮುಟ್ಟಿ ನೋಡು, ಬೆಣ್ಣೆ. ಮಾಲೇ ಸರಿಯಿಲ್ಲ, ಬಿಸಾಕು.”

ಅಷ್ಟರಲ್ಲಿ ಲಸಿಕೆ ಹಾಕುವ ನರ್ಸಕ್ಕ ಇಸ್ತ್ರಿಗೆ ಕೊಟ್ಟಿದ್ದ ಬಿಳಿ ಕೋಟು ಒಯ್ಯಲು ಬಂದಳು. ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕೂಸನ್ನು ಎತ್ತಿ ಅದರ ಮೇಲೇ ಕೂರಿಸಿಕೊಂಡಳು. ಕೋಟು ಬೆಚ್ಚಗಾಯಿತು.

“ಸಾಹೇಬರು ರುಜು ಹಾಕಿದ್ರು,” ಎಂದಳು ಅತ್ತೆ.

ನರ್ಸಕ್ಕ ನಕ್ಕಳು. ಒಣಗಿದ್ದ ಇನ್ನೊಂದು ಡಯಾಪರ್ ಎತ್ತಿ ಮೂಸಿದಳು. “ಏನಿದು, ಅತ್ತರಿನ ಅಂಗಡಿ? ಒಂದು ಚಮಚ ನೀರು ಕೊಡಿ.” ಒದ್ದೆ ಹೀರಲೆಂದು ಒಳಗಿಡುವ ದಪ್ಪ ಬಟ್ಟೆಯ ಹೀರುಪಟ್ಟಿಯ ಮೇಲೆ ನೀರು ಸುರಿದಳು. ನೀರು ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ನಿಂತಿತು, ಆಮೇಲೆ ಅಂಚಿನಿಂದ ಜಾರಿ ಮಾವನ ಕಾಲ ಮೇಲೆ ಬಿತ್ತು.

“ಈ ಲಿಕ್ವಿಡ್ ನೂಲಿನ ಮೇಲೆ ಮೇಣದ ಹಾಗೆ ಕೂತಿದೆ, ದೊಡ್ಡಪ್ಪ. ಬಟ್ಟೆಗೇ ರೇನ್‌ಕೋಟ್ ತೊಡಿಸಿಬಿಟ್ಟಿದ್ದೀರಿ.”

“ತಲೆ ನೆರೆಯೋ ತನಕ ಬಟ್ಟೆ ಒಗೆದಿದ್ದೀನಿ. ನನಗೇ ಪಾಠನಾ?”

“ಅಂಗಿ ಮೆತ್ತಗಿದ್ರೆ ಸಾಕು. ಇದು ನೀರು ಕುಡೀಬೇಕಲ್ಲ.”

ಮಾವ ಒಪ್ಪಲಿಲ್ಲ. ಆಗ ಸೊಸೆ ಎದ್ದು ನೆಲ ಒರೆಸುವ ಹಳೇ ಟವಲ್ ತಂದಳು. “ಮಾವ, ಇದಕ್ಕೆ ನೀವು ಲಿಕ್ವಿಡ್ ಹಾಕಲ್ಲ ಅಲ್ವಾ?” ಎಂದು ಮೆಲ್ಲಗೆ ಕೇಳಿ ಅದರ ಮೇಲೂ ಒಂದು ಚಮಚ ನೀರು ಸುರಿದಳು. ನೀರು ಅಲ್ಲೇ ಮಾಯ.

ಮಾವ ಟವಲ್ ನೋಡಿದರು, ಸೊಸೆಯನ್ನು ನೋಡಿದರು. “ಬಿಸಿನೀರು ಇಡು,” ಎಂದರು.

ನರ್ಸಕ್ಕ ಹೇಳುತ್ತ ಹೋದಳು. ಹೀರುಪಟ್ಟಿಗೆ ಬಿಸಿನೀರು, ಸ್ವಲ್ಪವೇ ಸೋಪು, ನೊರೆ ಬರುವುದು ನಿಲ್ಲುವವರೆಗೆ ಜಾಲಿಸುವುದು. ಹೊಸ ಪಟ್ಟಿ ಕೆಲವು ಸಲ ಒಗೆದ ಮೇಲೇ ಚೆನ್ನಾಗಿ ಹೀರುತ್ತದೆ. ಹೊರಗಿನ ಕವರ್‌ಗೆ ಕುದಿನೀರೂ ಬೇಡ, ಇಸ್ತ್ರಿಯೂ ಬೇಡ. ನೀರು ತಡೆಯುವ ಪದರ ಹಾಳಾಗುತ್ತದೆ. ಮಾವ ಗರಿಗರಿ ಇಸ್ತ್ರಿ ಮಾಡಿದ್ದ ಕವರ್‌ಗಳಲ್ಲಿ ಒಂದು ಆಗಲೇ ಬಿರುಕು ಬಿಟ್ಟಿತ್ತು. ಅದನ್ನು ಅವರು ಸದ್ದಿಲ್ಲದೆ ಜೇಬಿಗೆ ಸೇರಿಸಿದರು.

ಭಾನುವಾರ ಮಧ್ಯಾಹ್ನ ಸಾಹೇಬರು ಒಂದು ನಿದ್ದೆ ತೆಗೆದರು. ಮಾವ ಪಕ್ಕದಲ್ಲೇ ಕೂತು ಆಗಾಗ ಚಾಪೆ ಸವರಿದರು. ಮಗು ಎದ್ದಾಗ ಡಯಾಪರ್ ಭಾರವಾಗಿತ್ತು, ಚಾಪೆ ಒಂದಿಷ್ಟೂ ಒದ್ದೆಯಾಗಿರಲಿಲ್ಲ.

“ಮಾಲು ಪರವಾಗಿಲ್ಲ,” ಎಂದರು ಮಾವ.

“ನಾನು ಹೇಳ್ಲಿಲ್ವಾ?” ಎಂದ ಮಗ. ಅವನು ಏನೂ ಹೇಳಿರಲಿಲ್ಲ.

ಸೋಮವಾರ ಸಂಜೆ ಕಾರ್ಖಾನೆಯ ಆಯಾ ಮಗುವಿನ ಕೆಳಗೆ ಕೈಯಾಡಿಸಿ ನೋಡಿ, “ನಾಳೆಯೂ ಕರ್ಕೊಂಡು ಬಾ,” ಎಂದಳು. ಸೊಸೆ ದಾರಿಯುದ್ದಕ್ಕೂ ಮಗುವಿನ ಜೊತೆ ಮಾತಾಡುತ್ತ ಬಂದಳು.

ಅಕ್ಕಂದಿರೇ, ಅಣ್ಣಂದಿರೇ, ರಿಯಾಯಿತಿಯಲ್ಲಿ ತಂದ ಡಯಾಪರ್ ಸೋರಿದರೆ ಮೊದಲು ಒಂದು ಚಮಚ ನೀರು ಸುರಿದು ನೋಡಿ, ಆಮೇಲೆ ಅಂಗಡಿಯವನನ್ನು ಬೈಯಿರಿ. ಬಟ್ಟೆ ಮೆತ್ತಗೆ ಮಾಡುವ ಲಿಕ್ವಿಡ್ ಹಾಕಬೇಡಿ. ತೊಡೆಯ ಸುತ್ತ ಸಂದಿ ಉಳಿಯದ ಹಾಗೆ, ಚರ್ಮಕ್ಕೆ ಕಚ್ಚದ ಹಾಗೆ ಕಟ್ಟಿ. ಪಟ್ಟಿ ಕವರ್‌ನಿಂದ ಹೊರಗೆ ಇಣುಕದಿರಲಿ. ಎರಡು ಗಂಟೆಗೊಮ್ಮೆ ಬದಲಾಯಿಸಿ, ಮಗು ಹೊಲಸು ಮಾಡಿದ್ದರೆ ಕೂಡಲೇ ಬದಲಾಯಿಸಿ. ಒಗೆಯುವ ಕೆಲಸವನ್ನು ತಾಯಿಯೊಬ್ಬಳ ತಲೆಗೇ ಕಟ್ಟಬೇಡಿ.

ಆ ಸಂಜೆ ಸೊಸೆ ಒದ್ದೆ ಡಯಾಪರ್‌ಗಳ ಬಕೆಟನ್ನು ತಂದು ಲಾಂಡ್ರಿಯ ನಡುವೆ ಇಟ್ಟಳು. ಮಾವ ಇಸ್ತ್ರಿ ಒತ್ತುತ್ತಿದ್ದರು, ಅತ್ತೆ ಅಂಗಿ ಮಡಚುತ್ತಿದ್ದಳು, ಗಂಡ ಚಪ್ಪಲಿ ಹುಡುಕುತ್ತಿದ್ದ.

“ಇದನ್ನ ನಾಳೆ ನಾನು ಬರೋದ್ರೊಳಗೆ ನಿಮ್ಮಲ್ಲಿ ಒಬ್ಬರು ಒಗೆದು ಹಾಕಿ. ಇನ್ಮೇಲೆ ದಿನಾ ಹೀಗೇ,” ಎಂದಳು.