ಹನ್ನೊಂದನೆಯ ಹಾಳೆ

ಅಮೇಯನ ಕಪಾಳಕ್ಕೆ ನಾನು ಬಾರಿಸಿದ್ದು ಶನಿವಾರ ಬೆಳಿಗ್ಗೆ, ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ, ಅವನ ಅಪ್ಪನ ಕಾರ್ಖಾನೆಯೊಳಗೇ. ಒಂದೇ ಏಟು. ತುಟಿ ಒಡೆದು ರಕ್ತ ಅವನ ಬಿಳಿ ಅಂಗಿಯ ಮೇಲೆ ಇಳಿಯಿತು. ಆ ಏಟಿನ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆಮೇಲೆ ಮಾಡಿದ್ದಕ್ಕೆ ಇದೆ.

ಇದು ತೊಂಬತ್ತೇಳರ ಮಾತು. ನಾನು ಪುಣೆಯ ಒಂದು ಸಂಶೋಧನಾಲಯದಲ್ಲಿ ತಂತ್ರಜ್ಞಾನ ವರ್ಗಾವಣೆಯ ಅಧಿಕಾರಿಯಾಗಿದ್ದೆ. ನಮ್ಮ ವಿಜ್ಞಾನಿಗಳು ಗಾಜಿನ ಬುರುಡೆಯಲ್ಲಿ ಮಾಡಿದ್ದನ್ನು ಕಾರ್ಖಾನೆಯವರು ದೊಡ್ಡ ಪ್ರಮಾಣದಲ್ಲಿ ಮಾಡುವಂತೆ ಕರಾರು ಬರೆಸಿ, ಎದುರು ನಿಂತು ಕಲಿಸಿಕೊಡುವುದು ನನ್ನ ಕೆಲಸ. "ಅಂದ್ರ ದಲಾಲಿ ಅನ್ನು, ಬಸವಪ್ರಭು" ಎಂದು ಅಪ್ಪ ಬೈಲಹೊಂಗಲದಿಂದ ಬಂದಾಗಲೆಲ್ಲ ಕಾಲೆಳೆಯುತ್ತಿದ್ದ.

ಈ ಕೆಲಸದಲ್ಲಿ ನಮ್ಮದೊಂದು ರೂಢಿ ಇತ್ತು. ವಿಧಾನವನ್ನೆಲ್ಲ ಬರೆದುಕೊಡುತ್ತಿದ್ದೆವು, ಒಂದು ಹೆಜ್ಜೆ ಬಿಟ್ಟು. ಹಿಂದೆ ಒಬ್ಬ ಮಾಲೀಕ ಕಡತ ಕೈಗೆ ಬಂದ ಮರುವಾರವೇ ಅದನ್ನು ಮೂವರಿಗೆ ಹಂಚಿ, ನಮ್ಮನ್ನು ಗೇಟಿನೊಳಗೂ ಬಿಟ್ಟಿರಲಿಲ್ಲ. ಅಂದಿನಿಂದ ಆ ಒಂದು ಹೆಜ್ಜೆ ಬಂದಾಗ ಕೆಲಸಗಾರರನ್ನು ಚಹಾಕ್ಕೆ ಕಳಿಸಿ, ವಾಲ್ವಿನ ಮೇಲೆ ನಾನೇ ಕೈ ಇಡುತ್ತಿದ್ದೆ. ಮೂರು ಸಲ ಮಾಲು ಸರಿಯಾಗಿ ಬಂದ ಮೇಲೆಯೇ ಕೊನೆಯ ಹಾಳೆ ಕೊಡುವುದು. ಈ ಕಾರ್ಖಾನೆಗೆ ಹತ್ತು ಹಾಳೆ ಕೊಟ್ಟಿದ್ದೆವು. ಹನ್ನೊಂದನೆಯದು ನನ್ನ ಚೀಲದಲ್ಲಿತ್ತು.

ಅದರಲ್ಲಿ ಇದ್ದದ್ದು ನಾಲ್ಕೇ ಸಾಲು. ಆಸಿಡ್ ಬಿಡುತ್ತ ಹೋದಂತೆ ರಿಯಾಕ್ಟರಿನಲ್ಲಿ ನೊರೆ ಏಳುತ್ತದೆ, ಒಂದು ಹಂತದಲ್ಲಿ ತಟ್ಟನೆ ಇಳಿಯುತ್ತದೆ. ಎಲ್ಲ ಶಾಂತವಾಯಿತು, ಇನ್ನು ಬೇಗ ಬಿಡಬಹುದು ಎಂದು ಯಾರಿಗಾದರೂ ಅನಿಸುತ್ತದೆ. ಬಿಡಬಾರದು, ಅಲ್ಲೇ ನಿಲ್ಲಿಸಿ ನಲವತ್ತು ನಿಮಿಷ ಕಾಯಬೇಕು, ಇಲ್ಲವಾದರೆ ಸಿಡಿಯುತ್ತದೆ. ಅಪಾಯದ ಹೆಜ್ಜೆಯನ್ನೇ ಯಾಕೆ ಬಚ್ಚಿಟ್ಟಿರಿ ಎಂದು ಕೇಳುತ್ತೀರಿ. ಅದಿಲ್ಲದೆ ಯಾರೂ ಕದ್ದು ಮಾಡಲಾರರು ಎಂಬುದೇ ನಮ್ಮ ಜಾಣತನವಾಗಿತ್ತು. ಸುಡುಗಾಡು ಜಾಣತನ.

ಆ ಶನಿವಾರ ಎರಡನೇ ಸಲದ ತಯಾರಿಗೆ ಹೋದರೆ, ಅಮೇಯ ತನ್ನ ಗೆಳೆಯನ ಕಾರ್ಖಾನೆಗೆ ಕೊಡಲು ನಮ್ಮ ಕಡತದ ಝೆರಾಕ್ಸ್ ತೆಗೆಯುತ್ತಿದ್ದ. ಹೊಡೆದೆ. ಅವನು ಕಬ್ಬಿಣದ ಸಲಾಕೆ ಎತ್ತಿಕೊಂಡು ಬಂದ. ನಡುವೆ ಬಂದು ಅದನ್ನು ಹಿಡಿದು ಕಸಿದುಕೊಂಡವನು ಸಿದ್ರಾಮಪ್ಪ.

ಸಿದ್ರಾಮಪ್ಪ ಆ ರಿಯಾಕ್ಟರ್ ನಡೆಸುವವನು, ಅಥಣಿ ಕಡೆಯ ಹಳೆಯ ಪೈಲವಾನ, ಎಡಗಿವಿ ಜಜ್ಜಿ ಮುದ್ದೆಯಾಗಿತ್ತು. ನನಗೆ ಕುಸ್ತಿಯ ಹುಚ್ಚು. ರಜೆಯ ಬೆಳಿಗ್ಗೆ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಅವನು ನನ್ನನ್ನು ಕೆಂಪು ಮಣ್ಣಿಗೆ ಒಗೆಯುವುದು, ಆಮೇಲೆ ಅವನ ಹೆಂಡತಿ ಕಾಶವ್ವ ಇಬ್ಬರಿಗೂ ರೊಟ್ಟಿ ಬಡಿಸುವುದು ಮೂರು ವರ್ಷದಿಂದ ನಡೆದಿತ್ತು. ಕಾರ್ಖಾನೆಯಲ್ಲಿ ನಾನು ಅವನಿಗೆ ಸಾಹೇಬ, ತಾಲೀಮಿನಲ್ಲಿ ತಮ್ಮ.

ಅವನು ಗೇಟಿನವರೆಗೆ ಓಡಿಬಂದ.

"ಸಾಹೇಬ್ರ, ನೊರಿ ಇಳದಮ್ಯಾಲೆ ಏನ ಮಾಡ್ತೀರಿ, ಅದನ್ನಷ್ಟ ಹೇಳಿ ಹೋಗ್ರಿ. ಹೋದ ಸಲ ಚಹಾಕ್ಕ ಕಳಿಸಿದ್ರಿ, ನಾ ಏನೂ ನೋಡಿಲ್ಲ."

"ಆ ಕಳ್ಳ ಕಾಲಿಗೆ ಬೀಳೂತನಕಾ ಹಾಳಿ ಸಿಗೂದಿಲ್ಲ. ನಾ ಬರೂದ್ರಾಗ ಶುರು ಮಾಡಬ್ಯಾಡ್ರಿ."

"ಮಾಲಕನ ಮಗಾ ಅದಾನ. ಮಾಡು ಅಂದ್ರ ಎಷ್ಟೊತ್ತು ತಡೀಲಿ?" ಅವನು ಬೈಕಿನ ಹ್ಯಾಂಡಲ್ ಹಿಡಿದುಕೊಂಡ. "ತಮ್ಮಾ, ನಿನ್ನ ಸಿಟ್ಟು ಅವನ ಮ್ಯಾಲೆ. ಆ ರಿಯಾಕ್ಟರ್ ಮುಂದ ನಿಲ್ಲಾಂವ ನಾ."

ಅವನ ಕೈ ಕೊಡವಿ ಹೊರಟುಬಿಟ್ಟೆ.

ಸಂಜೆಗೆ ಸಿಟ್ಟು ಇಳಿಯಿತು. ಕಾರ್ಖಾನೆಗೆ ಫೋನ್ ಮಾಡಿ ಅವನನ್ನೇ ಕರೆಸಿದೆ. ಹಾಳೆಯಲ್ಲಿದ್ದದ್ದನ್ನು ಆಗಲೇ ಹೇಳಬಹುದಿತ್ತು. ಆದರೆ ಗುಟ್ಟನ್ನು ಫೋನಿನಲ್ಲಿ ಹೇಳಬಾರದೆಂಬುದು ಕಚೇರಿಯ ನಿಯಮ, ಅದನ್ನು ಬರೆದವನೂ ನಾನೇ. "ನಾಳಿ ಮಧ್ಯಾಹ್ನ ಎರಡಕ್ಕ ಹಾಳಿ ತಗೊಂಡು ಬರ್ತೀನಿ" ಎಂದೆ.

"ಖರೇ?"

"ಬಂದ ಬರ್ತೀನಿ, ಅಣ್ಣಾ."

ಭಾನುವಾರ ಪುಣೆಯ ಆಚೆ ದಿಕ್ಕಿನ ಭೋರ್‌ನಲ್ಲಿ ಕುಸ್ತಿ ಇತ್ತು. ಹಾಳೆ ಜೇಬಿಗಿಟ್ಟುಕೊಂಡು ನಸುಕಿನಲ್ಲೇ ಕಾತ್ರಜ ಘಾಟು ದಾಟಿದೆ. ಹನ್ನೊಂದಕ್ಕೆ ಎದ್ದರೆ ಎರಡಕ್ಕೆ ತಳೇಗಾಂವ ಎಂದು ಲೆಕ್ಕ ಹಾಕಿದ್ದೆ. ಹನ್ನೊಂದಾಯಿತು. ಇನ್ನೊಂದೇ ಜೋಡಿ ಎಂದುಕೊಂಡೆ. ಕಣದಲ್ಲಿ ಒಬ್ಬನ ಮೂಗು ಒಡೆದು ಮಣ್ಣು ಕಪ್ಪಾಯಿತು. ಹನ್ನೆರಡಾಯಿತು. ದೊಡ್ಡ ಜೋಡಿ ಇನ್ನೂ ಬಂದಿರಲಿಲ್ಲ.

ಅದು ಬಂದಾಗ ಒಂದು ಗಂಟೆ. ಸಾಂಗ್ಲಿಯವನು ಕೆಳಗೆ ಬಿದ್ದಿದ್ದ. ಮೇಲಿನವನು ಅವನ ಕುತ್ತಿಗೆಯನ್ನು ತೋಳಲ್ಲಿ ಅದುಮಿ ಹಿಸುಕುತ್ತಿದ್ದ. ಕೆಳಗಿನವನ ಕಾಲು ಸೋತವು, ಮೈ ಸಡಿಲವಾಯಿತು. ಮುಗಿಯಿತೆಂದು ಮೇಲಿನವನು ಹಿಡಿತ ಬಿಟ್ಟ. ಬಿಟ್ಟದ್ದೇ ತಡ, ಸಾಂಗ್ಲಿಯವನು ಹೊರಳಿ, ಅವನ ತೋಳು ಹಿಡಿದೆತ್ತಿ ನೆಲಕ್ಕೆ ಅಪ್ಪಳಿಸಿದ. ಭುಜದ ಎಲುಬು ಮುರಿದದ್ದು ಹತ್ತನೇ ಸಾಲಿನಲ್ಲಿದ್ದ ನನಗೂ ಕೇಳಿಸಿತು. ನಾನು ಕುಣಿದೆ, ಗಂಟಲು ಹರಿಯುವಂತೆ ಕೂಗಿದೆ. ಹಾಳೆ ಜೇಬಿನಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿ. ಕೂಗು ನಿಂತ ಮೇಲೆ ಗಡಿಯಾರ ನೋಡಿದೆ. ಒಂದೂವರೆ.

ನಾನು ತಳೇಗಾಂವಕ್ಕೆ ಮುಟ್ಟಿದ್ದು ನಾಲ್ಕೂವರೆಗೆ. ಸಿಡಿದು ಹತ್ತು ನಿಮಿಷವೂ ಆಗಿರಲಿಲ್ಲ. ಶೆಡ್ಡಿನ ತಗಡುಗಳು ರಸ್ತೆಯಾಚೆಯ ಜಾಲಿ ಗಿಡಗಳ ಮೇಲೆ ನೇತಾಡುತ್ತಿದ್ದವು. ರಿಯಾಕ್ಟರಿನ ಮುಚ್ಚಳ ಗೋಡೆಯನ್ನು ಸೀಳಿ ಅಲ್ಲೇ ಸಿಕ್ಕಿಕೊಂಡಿತ್ತು. ಹಳದಿ ಹೊಗೆಯೊಳಗಿಂದ ನಾಲ್ವರು ಒಂದು ತಗಡಿನ ಮೇಲೆ ಒಬ್ಬನನ್ನು ಎತ್ತಿಕೊಂಡು ಬಂದರು. ಮುಖ ಇರಲಿಲ್ಲ. ಎದೆಯ ಚರ್ಮ ಅಂಗಿಯ ಜೊತೆಗೇ ಸುಲಿದುಹೋಗಿತ್ತು. ಜಜ್ಜಿದ ಎಡಗಿವಿ ಮಾತ್ರ ಹಾಗೇ ಇತ್ತು, ಅದರಿಂದ ಗುರುತು ಹಿಡಿದೆ. ಜೀವ ಆಗಲೇ ಹೋಗಿತ್ತು.

ಅಮೇಯ ಗೇಟಿನ ಹತ್ತಿರ ಕೂತು ವಾಂತಿ ಮಾಡುತ್ತಿದ್ದ. ನಾನು ಅವನನ್ನು ಕೆಡವಿ ಎದೆಯ ಮೇಲೆ ಕೂತು ಕುತ್ತಿಗೆ ಹಿಸುಕಿದೆ. ಅವನ ಕಣ್ಣು ಮೇಲಾದವು. ಆರು ಜನ ಸೇರಿ ನನ್ನ ಬೆರಳು ಒಂದೊಂದಾಗಿ ಬಿಡಿಸಿದರು. ಬಿಡಿಸದಿದ್ದರೆ ಅವತ್ತು ಎರಡು ಹೆಣ ಬೀಳುತ್ತಿದ್ದವು, ಎರಡಕ್ಕೂ ಕಾರಣ ನಾನೇ.

ಬುಧವಾರ ನಮ್ಮ ಕಚೇರಿಯಲ್ಲೇ ವಿಚಾರಣೆ. ಒಳಗೆ ಹೋಗುವ ಮೊದಲು ನನ್ನ ಮೇಲಧಿಕಾರಿ ಪ್ರಲ್ಹಾದ ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಹಾಳಿ ಕಡತದಾಗ ಸೇರಿಸಿಬಿಡು, ಪ್ರಭು. ಹನ್ನೊಂದೂ ಕೊಟ್ಟಿದ್ವಿ ಅನ್ನೋಣ. ಮಾಲಕರೂ ಒಪ್ಯಾರ."

"ಅಂದ್ರ ತಪ್ಪು ಸಿದ್ರಾಮಪ್ಪಂದು ಅಂತ ಆಗ್ತದಲ್ರೀ?"

"ಓದದ ಮಾಡಿದಾ ಅಂತ ಆಗ್ತದ. ಸತ್ತಾಂವಗ ಏನಾಗೂದದ? ನಿನ್ನ ನೌಕರಿ, ನನ್ನ ನೌಕರಿ ವಿಚಾರ ಮಾಡು."

ಅವರು ನನ್ನ ಜೇಬಿಗೆ ಕೈ ಹಾಕಿದರು. ನಾನು ನೂಕಿದ ಹೊಡೆತಕ್ಕೆ ಅವರು ಕಪಾಟಿನ ಗಾಜಿನ ಮೇಲೆ ಬಿದ್ದರು. ಗಾಜು ಒಡೆದು ಅವರ ಮೊಣಕೈ ಹರಿಯಿತು. ಹಾಗೇ ಬಿಟ್ಟು ವಿಚಾರಣೆಯ ಕೋಣೆಗೆ ಹೋಗಿ, ನಾಲ್ಕು ಸಾಲನ್ನೂ ಗಟ್ಟಿಯಾಗಿ ಓದಿದೆ. ಇದನ್ನು ಸಿದ್ರಾಮಪ್ಪನಿಗೆ ಕೊಟ್ಟಿರಲಿಲ್ಲ, ಅವನು ಬೇಡಿಕೊಂಡರೂ ಕೊಡಲಿಲ್ಲ ಎಂದು ಬರೆದುಕೊಟ್ಟೆ. ಸತ್ಯ ಹೇಳಿದೆನಲ್ಲ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು. ಎಂಥ ನಾಚಿಕೆಗೇಡು.

ಹೊರಗೆ ಬೆಂಚಿನ ಮೇಲೆ ಕಾಶವ್ವ ಕೂತಿದ್ದಳು. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿಕೊಂಡಿದ್ದಳು.

"ನಾಕ ಸಾಲು?" ಎಂದಳು.

"ಹೌದು, ವೈನಿ."

"ಎರಡಕ್ಕ ನೀ ಬರ್ತೀ ಅಂತ ಅವ್ರು ಎರಡು ತಾಸು ತಡದ್ರಂತ. ಆ ಅಮೇಯ ಎಲ್ಲಾರ ಮುಂದ ಎರಡು ಸಲ ಕಪಾಳಕ್ಕ ಹೊಡದಾನ. ಆದ್ರೂ ಶುರು ಮಾಡಗೊಡದ ವಾಲ್ವಿಗೆ ಅಡ್ಡ ನಿಂತಿದ್ರಂತ. ನಮ್ಮ ತಮ್ಮ ಬರ್ತೀನಿ ಅಂದಾನ, ಬಂದ ಬರ್ತಾನ ಅಂತಿದ್ರಂತ." ಅವಳ ದನಿ ಏರಲಿಲ್ಲ. "ನೀ ಎಲ್ಲಿದ್ದಿ?"

ಬೈಕ್ ಕೆಟ್ಟಿತ್ತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಭೋರ್‌ಗೆ ಹೋಗಿದ್ದೆ. ಕುಸ್ತಿ ನೋಡ್ಲಿಕ್ಕೆ."

ಕಾಶವ್ವ ಬೆಂಚಿನಿಂದ ಎದ್ದಳು.

"ಯಾರ ಗೆದ್ರು?"

ನಾನು ಹೆಸರು ಹೇಳಿದೆ. ಅವಳು ಬಗ್ಗಿ ಕಾಲಿನ ಚಪ್ಪಲಿ ತೆಗೆದು ನನ್ನ ಮುಖಕ್ಕೆ ಹೊಡೆದಳು, ಮತ್ತೆ ಹೊಡೆದಳು. ಹಲ್ಲು ತಾಗಿ ತುಟಿ ಒಡೆಯಿತು. ಜನ ಬಿಡಿಸಲು ಬಂದರು, ಬೇಡವೆಂದೆ. ಹುಟ್ಟಿದಾಗಿನಿಂದ ಒಂದು ಏಟನ್ನೂ ತಿರುಗಿ ಕೊಡದೆ ಬಿಟ್ಟವನಲ್ಲ ನಾನು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅವಳ ಕೈ ಸೋಲುವ ತನಕ ಅಲ್ಲೇ ನಿಂತಿದ್ದೆ.