ದೇವಿರಮ್ಮನ ಮೂವತ್ತು ಷೇರು

ನನ್ನನ್ನು ಷೇರು ಪಂಡಿತನನ್ನಾಗಿ ಮಾಡಿದವನು ಚಿಕ್ಕಬೋರಯ್ಯ. ಹನಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ ನಾನು, ಹೆಸರು ಕೆಂಪಸಿದ್ದಯ್ಯ. ಕಂಪನಿ ವ್ಯವಹಾರದ ಗಂಧಗಾಳಿಯೂ ನನಗೆ ಇರಲಿಲ್ಲ. ಆದರೆ ಬೆಂಗಳೂರಿನ ಪತ್ರಿಕೆ ಬೆಳಗಿನ ಗಾಡಿಯಲ್ಲಿ ಮೊದಲು ನನ್ನ ಕೈಗೆ ಬರುತ್ತಿತ್ತು. ಅದರ ಹಿಂದಿನ ಪುಟದ ಮೂಲೆಯಲ್ಲಿ ಷೇರುಗಳ ದರ ಅಚ್ಚಾಗಿರುತ್ತಿತ್ತು. ಶಿಂಷಾ ರೇಷ್ಮೆ ಕಂಪನಿ ಶುರುವಾದ ವರ್ಷ ರೈತರಿಂದ ಗೂಡು ಕೊಂಡು ಅರ್ಧಕ್ಕೆ ದುಡ್ಡು, ಅರ್ಧಕ್ಕೆ ಷೇರು ಕಾಗದ ಕೊಟ್ಟಿತ್ತು. ಹಾಗಾಗಿ ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಆ ಕಾಗದ ದೇವರ ಪಟದ ಹಿಂದೆ ಅರಿಶಿನ ಹಚ್ಚಿಸಿಕೊಂಡು ಕೂತಿತ್ತು.

ಅಂಥ ಕಾಗದ ಇಟ್ಟುಕೊಂಡಿದ್ದ ರೈತ ಚಿಕ್ಕಬೋರಯ್ಯ ದಿನಾ ಟಿಕೆಟ್ ಕಿಟಕಿಯಲ್ಲಿ ಮೂತಿ ತೂರಿಸಿ, "ಇವತ್ತೆಷ್ಟು ಬುದ್ದಿ? ಇಟ್ಕಳ್ಳಾ, ಮಾರ್ಲಾ?" ಎಂದು ಪ್ರಾಣ ತೆಗೆಯುತ್ತಿದ್ದ. ಒಂದು ದಿನ ರೇಗಿಹೋಗಿ, "ಮಾರ್ಬುಡು ಹೋಗ್ಲಾ, ನನ್ ತಲೆ ತಿನ್ಬೇಡ" ಅಂದುಬಿಟ್ಟೆ. ಅವನು ಮಾರಿದ. ಮರುವಾರವೇ ದರ ಇಳಿಯಿತು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ಟಿಕೆಟ್ ಕೇಳುವವರಿಗಿಂತ ಸಲಹೆ ಕೇಳುವವರೇ ಹೆಚ್ಚಾದರು. ನನ್ನ ಸಲಹೆಯಾದರೂ ಏನು? ಮುಖ ನೋಡಿ ಕನಿಕರ ಬಂದರೆ ಇಟ್ಟುಕೊಳ್ಳಿ ಅನ್ನುತ್ತಿದ್ದೆ, ಸಿಟ್ಟು ಬಂದರೆ ಮಾರಿ ಅನ್ನುತ್ತಿದ್ದೆ. ಅವರೂ ಕಡಿಮೆಯವರಲ್ಲ. ನನ್ನ ಮಾತು ಕೇಳಿ ನೇರವಾಗಿ ಮುತ್ತತ್ತಿಗೆ ಹೋಗಿ ಆಂಜನೇಯನ ಹತ್ತಿರ ಹೂವು ಕೇಳುತ್ತಿದ್ದರು. ದೇವರ ಬಲಗಡೆಯಿಂದ ಹೂವು ಬಿದ್ದರೆ ನಾನು ಹೇಳಿದ್ದು ಸರಿ, ಎಡಗಡೆಯಿಂದ ಬಿದ್ದರೆ ತಪ್ಪು. ಅಂತೂ ನನ್ನ ಮೇಲೊಬ್ಬ ಅಧಿಕಾರಿ ಇದ್ದ ಹಾಗಾಯಿತು.

ದೇವಿರಮ್ಮ ಮಾತ್ರ ಮೊದಲು ಮುತ್ತತ್ತಿಗೆ ಹೋಗಿ ಆಮೇಲೆ ನನ್ನ ಹತ್ತಿರ ಬರುವವಳು.

ಅವಳದು ಮಳವಳ್ಳಿ ಹತ್ತಿರದ ಒಂದು ಹಳ್ಳಿ. ಶನಿವಾರ ಆಂಜನೇಯನ ದರ್ಶನ ಮಾಡಿ, ಭಾನುವಾರ ಬಸ್ಸಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಗಾಡಿ ಹತ್ತಿ ಹನಕೆರೆಯಲ್ಲಿ ಇಳಿಯುತ್ತಿದ್ದಳು. ನಲವತ್ತೊಂದನೆಯ ಇಸವಿಯ ಕೊನೆಯಲ್ಲಿ ಮೊದಲ ಸಲ ಬಂದಾಗ ಇಪ್ಪತ್ತೈದು ವರ್ಷ ಇದ್ದೀತು. ಸೆರಗಿನ ಗಂಟು ಬಿಚ್ಚಿ ಕಾಗದದ ಮಡಿಕೆ ತೆಗೆದು ಕಿಟಕಿಯೊಳಗೆ ಇಟ್ಟಳು.

"ಅಣ್ಣಯ್ಯ, ಇವ ಇಟ್ಕಳದಾ, ಮಾರದಾ?"

ಮೂವತ್ತು ಷೇರಿನ ಕಾಗದ. ಜೊತೆಗೆ ಷೇರು ವರ್ಗಾಯಿಸುವ ಫಾರಂ ಒಂದು. ಅದರಲ್ಲಿ ಕೆಳಗೆ ಸಹಿ ಮಾತ್ರ ಇತ್ತು, ಮಿಕ್ಕಿದ್ದೆಲ್ಲ ಖಾಲಿ. ಗಂಡ ಮೈಸೂರು ಪಟಾಲಮ್ಮಿಗೆ ಸೇರಿ ಸಿಂಗಪುರಕ್ಕೆ ಹೊರಟಾಗ, ಕಷ್ಟ ಬಂದರೆ ಮಾರಿಕೋ ಎಂದು ಸಹಿ ಹಾಕಿ ಕೊಟ್ಟಿದ್ದನಂತೆ.

"ಯಾರ ಹೆಸರಲ್ಲಿದೆ?" ಅಂದೆ. ಕಾಗದದಲ್ಲಿ ಶಿವಣ್ಣ ಎಂದು ಓದಿಯಾಗಿತ್ತು, ಸುಮ್ಮನೆ ರೇಗಿಸಿದೆ.

ಅವಳು ತಲೆ ತಗ್ಗಿಸಿದಳು. "ನಂಜನಗೂಡ್ನಲ್ಲವ್ನಲ್ಲ, ಆ ದೇವ್ರೆಸ್ರು."

"ನಂಜುಂಡನಾ?"

"ಊಂಹೂಂ. ಆ ದೇವ್ರ್ದೇ ಇನ್ನೊಂದೆಸ್ರು. ಅದುಕ್ಕೆ ಅಣ್ಣ ಸೇರುಸ್ಕಳಿ."

"ಶಿವಣ್ಣ" ಅಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಟ್ಟಿಕೊಂಡವನ ಹೆಸರನ್ನು ತಾನು ಹೇಳುವ ಹಾಗಿಲ್ಲ, ಬೇರೆಯವರ ಬಾಯಲ್ಲಿ ಕೇಳಿದರೆ ಮುಖವೆಲ್ಲ ಬೆಳಕು. ನನ್ನ ಹೆಂಡತಿ ಸತ್ತು ಆಗ ಏಳು ವರ್ಷವಾಗಿತ್ತು. ಆ ನಗು ನೋಡಿ ಎದೆಯೊಳಗೆ ಏನೋ ಅಲುಗಿತು. ಇಲ್ಲ ಅಂದರೆ ಸುಳ್ಳಾಗುತ್ತದೆ.

"ಇಟ್ಕಳವ್ವ" ಅಂದೆ. "ಮುಂದಿನ ತಿಂಗಳು ಬಾ, ನೋಡೋಣ."

ಅವಳು ಬಂದಳು. ತಿಂಗಳಿಗೊಂದು ಭಾನುವಾರ ಬರುತ್ತಲೇ ಇದ್ದಳು. ಕಾಗದದಲ್ಲಿ ಮುತ್ತತ್ತಿಯ ತುಳಸಿ, ಒಂದು ಚೂರು ಕಾಯಿ ಕಟ್ಟಿ ತರುತ್ತಿದ್ದಳು. ನಾನು ದರ ಓದುತ್ತಿದ್ದೆ. ಇಟ್ಕಳದಾ ಮಾರದಾ ಎಂದು ಅವಳು ಕೇಳುತ್ತಿದ್ದಳು, ಇಟ್ಕಳವ್ವ ಅನ್ನುತ್ತಿದ್ದೆ. ಆಮೇಲೆ ವಾಪಸು ಗಾಡಿ ಬರುವ ತನಕ ಪ್ಲಾಟ್‌ಫಾರಮ್ಮಿನ ಹೊಂಗೆ ಮರದ ಕೆಳಗೆ ಕೂತು ರೇಷ್ಮೆ ಹುಳುವಿನ ಜ್ವರ, ಅದಕ್ಕೆ ಹಾಕುವ ಸೊಪ್ಪಿನ ಬೆಲೆ, ಅತ್ತೆಯ ಬಾಯಿ ಎಲ್ಲವನ್ನೂ ಹೇಳುತ್ತಿದ್ದಳು. ಗಾಡಿ ತಡವಾದರೆ ಪ್ರಯಾಣಿಕರೆಲ್ಲ ರೈಲ್ವೆಯವರನ್ನು ಬಯ್ಯುತ್ತಿದ್ದರು. ರೈಲ್ವೆಯ ಅನ್ನ ತಿನ್ನುವ ನಾನು ಇನ್ನೂ ಸ್ವಲ್ಪ ತಡವಾಗಲಪ್ಪ ಎಂದು ಬೇಡಿಕೊಳ್ಳುತ್ತಿದ್ದೆ. ಮಾತುಮಾತಿಗೆ ಅವಳು ಅಣ್ಣಯ್ಯ ಅಂದಾಗ ಮಾತ್ರ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತಿತ್ತು.

ಸಿಂಗಪುರ ಬಿತ್ತು. ಪಟಾಲಮ್ಮಿನವರೆಲ್ಲ ಜಪಾನಿನವರ ಕೈಗೆ ಸಿಕ್ಕರೆಂದು ಪತ್ರಿಕೆಯಲ್ಲಿ ಬಂತು. ಶಿವಣ್ಣನಿಂದ ಕಾಗದ ಬರುವುದು ನಿಂತಿತು. ಆ ಭಾನುವಾರ ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಕಣ್ಣು ಊದಿತ್ತು. ಕೇಳಿದ್ದು ಅದನ್ನೇ, ಇಟ್ಕಳದಾ ಮಾರದಾ. ನಾನು ಹೇಳಿದ್ದೂ ಅದನ್ನೇ. ಕೇಳಿ ಒಂದು ಉದ್ದನೆಯ ಉಸಿರು ಬಿಟ್ಟು ಹೋಗಿ ಮರದ ಕೆಳಗೆ ಕೂತಳು.

ಈಗ ನನ್ನ ಪಾಪದ ವಿಷಯ ಹೇಳಬೇಕು. ಯುದ್ಧಕ್ಕೆ ರೇಷ್ಮೆ ಬೇಕಾಯಿತು. ಆಕಾಶದಿಂದ ಸಿಪಾಯಿಗಳು ಇಳಿಯುವ ಕೊಡೆಗೆ ನಮ್ಮ ರೇಷ್ಮೆಯಂತೆ. ಹತ್ತು ರೂಪಾಯಿಯ ಷೇರು ನಲವತ್ತನಾಲ್ಕರಲ್ಲಿ ಮೂವತ್ತೊಂದಕ್ಕೆ ಏರಿತು. ಅವಳ ಊರಿನಲ್ಲಿ ಅರ್ಧ ಎಕರೆ ಗದ್ದೆ ಮಾರಾಟಕ್ಕಿತ್ತು. ಅತ್ತೆಯ ಮನೆಯ ಕೂಲಿಯಿಂದ ಬಿಡಿಸಿಕೊಂಡು ಸ್ವಂತ ಕಾಲ ಮೇಲೆ ನಿಲ್ಲುವುದಕ್ಕೆ ಅಷ್ಟು ಸಾಕಾಗಿತ್ತು.

"ಮಾರ್ಬುಡ್ಲಾ ಅಣ್ಣಯ್ಯ? ಅವ್ರು ಬಂದಾಗ ಗದ್ದೆ ತೋರುಸ್ಬೌದು."

ಅವತ್ತು ಬೆಳಿಗ್ಗೆ ತಾನೇ, ಮತ್ತೆ ಹತ್ತು ಷೇರು ಕೊಂಡಿದ್ದ ಚಿಕ್ಕಬೋರಯ್ಯನಿಗೆ, ಯುದ್ಧ ಮುಗಿಯೋ ಹಾಗಿದೆ, ಇವತ್ತೇ ಮಾರು ಎಂದು ಬುದ್ಧಿ ಹೇಳಿ ಕಳಿಸಿದ್ದೆ. ಜೀವನದಲ್ಲಿ ಯೋಚನೆ ಮಾಡಿ ಕೊಟ್ಟ ಸಲಹೆ ಅದೊಂದೇ. ಆದರೆ ದೇವಿರಮ್ಮ ಷೇರು ಮಾರಿದರೆ ಹನಕೆರೆಗೆ ಯಾಕೆ ಬರುತ್ತಾಳೆ? ಗದ್ದೆ ಇದ್ದವಳಿಗೆ ಟಿಕೆಟ್ ಗುಮಾಸ್ತ ಯಾಕೆ ಬೇಕು? ನಾಲಿಗೆ ತಾನಾಗಿ ತಿರುಗಿತು.

"ಇಟ್ಕಳವ್ವ. ಇನ್ನೂ ಏರುತ್ತೆ."

ಏರಲಿಲ್ಲ. ಯುದ್ಧ ಮುಗಿದ ಮೇಲೆ ದರ ಇಪ್ಪತ್ತಾಯಿತು, ಹನ್ನೆರಡಾಯಿತು, ನಲವತ್ತಾರರ ಕೊನೆಗೆ ಏಳಕ್ಕೆ ಬಂದು ಕೂತಿತು. ಗದ್ದೆ ಇನ್ಯಾರದೋ ಪಾಲಾಯಿತು. ಅವಳು ಎಂದಿನಂತೆ ತುಳಸಿ, ಕಾಯಿ ತಂದಿಟ್ಟಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸೆರೆಯಲ್ಲಿದ್ದವರು ಒಬ್ಬೊಬ್ಬರಾಗಿ ಊರಿಗೆ ಬಂದರು. ಶಿವಣ್ಣ ಬರಲಿಲ್ಲ, ಅವನ ಸುದ್ದಿಯೂ ಬರಲಿಲ್ಲ. ಅವಳು ಕೇಳುತ್ತಲೇ ಇದ್ದಳು, ನಾನು ಇಟ್ಕಳವ್ವ ಅನ್ನುತ್ತಲೇ ಇದ್ದೆ. ಒಳಗೊಳಗೆ ಒಂದು ಕೆಟ್ಟ ಆಸೆಯನ್ನೂ ಸಾಕಿಕೊಂಡಿದ್ದೆ. ಅವನು ಬರದೇ ಇದ್ದರೆ?

ನಲವತ್ತೇಳರ ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಅವಳು ಗಾಡಿಯಿಂದ ಇಳಿದಾಗ ಹಣೆಯಲ್ಲಿ ಕುಂಕುಮ ಇರಲಿಲ್ಲ.

"ಯಾವಾಗ ಗೊತ್ತಾಯ್ತು?" ಅಂದೆ.

"ಮೂರು ತಿಂಗ್ಳಾಯ್ತು ಅಣ್ಣಯ್ಯ. ಮದ್ದೂರ್ ಸಿದ್ದರಾಜು ಅಂತ, ಅವ್ರ ಜೊತೇಲೆ ಸೆರೇಲಿದ್ದೋನು. ಮನೆ ಉಡಿಕ್ಕಂಡು ಬಂದಿದ್ದ. ಜರ ಬಂದು ತೀರೋದ್ರಂತೆ, ನಲವತ್ಮೂರ್ರಲ್ಲೇ. ಇವ್ನೇ ಮಣ್ಣಾಕಿದ್ನಂತೆ."

"ಮೂರು ತಿಂಗಳಿಂದ ಬರ್ತಾ ಇದ್ದೀಯಲ್ಲಮ್ಮ, ನನಗೊಂದು ಮಾತು ಹೇಳಬಾರದಿತ್ತಾ?"

"ಯುಗಾದಿ ಕಳಿಯೋಗಂಟ ಯಾರ್ಗೂ ಯೋಳ್ಳಿಲ್ಲ. ಅತ್ತೆಗೂ ಯೋಳ್ಳಿಲ್ಲ. ಯೋಳುದ್ರೆ ನಿಜ ಆಯ್ತದೆ ಅಂತ. ಇಲ್ಲಿಗ್ ಬಂದ್ರೆ ನೀವು ಪೇಪರ್ ನೋಡಿ ಇಟ್ಕಳವ್ವ ಅಂತಿದ್ರಿ. ಪ್ರಪಂಚ್ದ ಸುದ್ದಿ ಎಲ್ಲಾ ಆ ಪೇಪರ್ನಲ್ಲೈತೆ, ಅದ ಓದೋರೇ ಇಟ್ಕೊ ಅಂದ್ರೆ ಅವ್ರು ಎಲ್ಲೋ ಅವ್ರೆ ಅಂತ ಅನ್ಕಂಡ್ ಓಯ್ತಿದ್ದೆ. ಒಂದ್ ತಿಂಗ್ಳು ತಳ್ಳದು. ಐದಾರ್ ವರ್ಸ ಅಂಗೇ ತಳ್ದೆ. ನೀವ್ ಮಾರು ಅಂದಿದ್ರೆ ಅವತ್ತೇ ಸತ್ತೋಯ್ತಿದ್ದೆ ಕಣಣ್ಣಯ್ಯ."

ನಾನು ಅವಳನ್ನು ಕಾದದ್ದು, ಅವಳು ಅವನನ್ನು ಕಾದದ್ದು, ಎರಡಕ್ಕೂ ನನ್ನ ಒಂದೇ ಮಾತು ಆಸರೆಯಾಗಿತ್ತು. ತಲೆಯೆತ್ತಿ ಅವಳನ್ನು ನೋಡಲಾಗಲಿಲ್ಲ.

"ಇವತ್ತು ಮಾರಾಣ" ಅಂದಳು.

ಮಸಿ ಕುಡಿಕೆ ತೆಗೆದು ಫಾರಂ ಬಿಡಿಸಿದೆ. ಕೆಳಗೆ ಶಿವಣ್ಣನ ಸಹಿ ಹಾಗೇ ಇತ್ತು. ಸೆರಗಿನ ಬೆವರಿಗೆ ಒಂದೆರಡು ಅಕ್ಷರ ಹಬ್ಬಿದ್ದವು. ಗುಮಾಸ್ತನ ಚಾಳಿ, ಓದಿಕೊಂಡೇ ಬರೆಯುವವನು ನಾನು. "ಮಾರುವವರ ಹೆಸರು" ಎಂದು ಓದಿ ಲೇಖನಿ ಅದ್ದಿದೆ. ಎಂದಿನ ಹಾಗೆ ಹೆಸರು ನಾನೇ ಹೇಳಿಕೊಳ್ಳುವುದರಲ್ಲಿದ್ದೆ.

"ಸಿವಣ್ಣ" ಅಂದಳು.

ಮೆಲ್ಲಗೆ ಅಂದಳು, ಆದರೆ ತಡವರಿಸಲಿಲ್ಲ. ಆಮೇಲೆ ಇನ್ನೊಂದು ಸಲ, ರುಚಿ ನೋಡುವ ಹಾಗೆ, "ಸಿವಣ್ಣ" ಅಂದಳು. ಮದುವೆಯಾದ ದಿನದಿಂದ ಬಾಯೊಳಗೆ ಬಚ್ಚಿಟ್ಟುಕೊಂಡಿದ್ದ ಹೆಸರು. ಅದನ್ನು ಹಾಗೆ ಹೇಳುವ ಹೆಂಗಸಿನ ಮನಸ್ಸಿನಲ್ಲಿ ಇನ್ನೊಬ್ಬನಿಗೆ ಜಾಗವಿಲ್ಲ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಬರೆದೆ. ಅವಳು ಅತ್ತಳು. ನಾನೂ ಅತ್ತೆ.

"ಈಗ ದರ ಎಷ್ಟೈತೆ?" ಕಣ್ಣೊರೆಸಿಕೊಂಡು ಕೇಳಿದಳು.

ಪತ್ರಿಕೆಯಲ್ಲಿ ಆರು ಅಂತಿತ್ತು. ಅದರ ಮೇಲೆ ಬೆರಳಿಟ್ಟು, "ಮೂವತ್ತೊಂದು" ಅಂದೆ.

"ಓದ್ ತಿಂಗ್ಳು ಏಳು ಅಂದ್ರಿ?"

"ಏರಿದೆ. ಮೈಸೂರಿನ ಸಾಹುಕಾರರೊಬ್ಬರು ಕೊಳ್ಳುತ್ತಾರೆ. ಬರೋ ಭಾನುವಾರ ಬಾ, ದುಡ್ಡು ಬಂದಿರುತ್ತೆ."

ಅವಳು ಷೇರಿನ ಕಾಗದವನ್ನೂ ನನ್ನ ಕಡೆ ತಳ್ಳಿದಳು. ನಂಬಿದಳೋ ಇಲ್ಲವೋ ಇವತ್ತಿಗೂ ತಿಳಿಯದು. ಆ ವಾರ ಮಂಡ್ಯಕ್ಕೆ ಹೋಗಿ, ಸತ್ತ ಹೆಂಡತಿಯ ಬಳೆಗಳನ್ನು ಮಾರಿ, ಕೂಡಿಟ್ಟಿದ್ದನ್ನೂ ಸೇರಿಸಿ ಒಂಬೈನೂರ ಮೂವತ್ತು ರೂಪಾಯಿ ಹೊಂದಿಸಿದೆ. ಭಾನುವಾರ ಬಂದವಳು ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, "ಗದ್ದೆ ತಕ್ಕತೀನಿ ಅಣ್ಣಯ್ಯ" ಎಂದು ಗಾಡಿ ಹತ್ತಿದಳು. ಅವತ್ತು ಗಾಡಿ ಒಂದು ನಿಮಿಷವೂ ತಡವಾಗಲಿಲ್ಲ.

ಮತ್ತೆ ಅವಳು ಬರಲಿಲ್ಲ. ಬರುವ ಕೆಲಸವೂ ಇರಲಿಲ್ಲ.

ಕಾಗದಗಳು ನನ್ನ ಟ್ರಂಕಿನಲ್ಲಿವೆ. ಕೊಳ್ಳುವವರ ಹೆಸರು ಎಂಬ ಜಾಗದಲ್ಲಿ ನನ್ನ ಹೆಸರು ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಮೇಲೆ ಶಿವಣ್ಣ ಎಂದಿದೆ. ಅದರ ಕೆಳಗೆ ಕೆಂಪಸಿದ್ದಯ್ಯ ಎಂದು ಬರೆಯಲು ಕೈ ಬರುವುದಿಲ್ಲ. ಕಂಪನಿಯ ಪುಸ್ತಕದಲ್ಲಿ ಆ ಮೂವತ್ತು ಷೇರು ಈಗಲೂ ಅವನದೇ. ಚಿಕ್ಕಬೋರಯ್ಯ ಈಗಲೂ ಕಿಟಕಿಗೆ ಬರುತ್ತಾನೆ, ಬೈದು ಕಳಿಸುತ್ತೇನೆ. ಭಾನುವಾರ ಮದ್ದೂರು ಕಡೆಯ ಗಾಡಿ ಬಂದಾಗ ಪತ್ರಿಕೆ ತೆಗೆದು ದರ ನೋಡುತ್ತೇನೆ. ಕಳೆದ ವಾರ ನಾಲ್ಕು ಇತ್ತು. ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ನಾನು ಯಾರ ಕಿಟಕಿಗೆ ಹೋಗಿ ಕೇಳಲಿ?